ನಡು ತಪ್ಪಿದ ಗೂಡು

ಅವರ ಬಲಗೈಯ ಉಗುರುಗಳ ಕೆಳಗೆ ಸೀಮೆಸುಣ್ಣ ಇರುತ್ತಿತ್ತು, ಎಡಗೈಯ ಉಗುರುಗಳ ಕೆಳಗೆ ಗ್ರೀಸು. ಊಟಕ್ಕೆ ಮೊದಲು ಬಲಗೈಯನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಎಡಗೈಯನ್ನು ಹಾಗೇ ಬಿಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಇದು ನಾಳೆ ಮತ್ತೆ ಅಲ್ಲಿಗೇ ಹೋಗೋ ಕೈ" ಎಂದಿದ್ದರು.

ಹೋದ ತಿಂಗಳು ಅವರು ಕಡೂರಿನ ನಮ್ಮ ಕಾಲೇಜಿನಿಂದ ನಿವೃತ್ತರಾದರು. ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಡಂ ಅವರು. ಬೀಳ್ಕೊಡುಗೆಗೆಂದು ಪ್ರಿನ್ಸಿಪಾಲರ ಕೋಣೆಯ ಕೈಯಿರುವ ಕುರ್ಚಿಯನ್ನು ತಂದು ವೇದಿಕೆಯ ನಡುವೆ ಹಾಕಿದ್ದರು. ಭಾಷಣಗಳೆಲ್ಲ ಮುಗಿಯುವವರೆಗೆ ಅವರು ಆ ಕುರ್ಚಿಯ ಬೆನ್ನು ಹಿಡಿದುಕೊಂಡು ಅದರ ಹಿಂದೆ ನಿಂತಿದ್ದರು. ಹಾರ ಹಾಕಲು ಬಂದವರು ಕುರ್ಚಿಯನ್ನು ಸುತ್ತಿಕೊಂಡು ಹೋಗಬೇಕಾಯಿತು. ಶಿಸ್ತು, ಸರಳತೆ, ಸಮಯಪಾಲನೆ ಎಂದು ಎಲ್ಲರೂ ಹೇಳಿದರು. ಅವರು ಕಟ್ಟಿದ ಗಾಡಿಯ ವಿಷಯ ಯಾರೂ ಎತ್ತಲಿಲ್ಲ. ನನ್ನನ್ನೂ ಮಾತಾಡಲು ಕರೆದರು. ವೇದಿಕೆಯ ಮೇಲೆ ನನಗೆ ನಾಲಗೆ ಏಳುವುದಿಲ್ಲವೆಂದು ಅವರಿಗೆ ಗೊತ್ತು. "ಅವಳು ಬರೆದು ಹೇಳ್ತಾಳೆ ಬಿಡಿ" ಎಂದು ಅವರೇ ನನ್ನನ್ನು ಪಾರು ಮಾಡಿದರು. ಹಾಗಾಗಿ ಬರೆಯುತ್ತಿದ್ದೇನೆ.

ಎಂ.ಎಸ್ಸಿ. ಮುಗಿಸಿ ಗಣಿತ ಕಲಿಸಲು ಕಡೂರಿಗೆ ಬಂದಾಗ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಒಬ್ಬಳೇ ಇರುವ ಹೆಂಗಸಿಗೆ ಮನೆ ಕೊಡುವವರೂ ಇರಲಿಲ್ಲ. ಅವರು ಬಾಡಿಗೆಗಿದ್ದ ಮಹಡಿ ಮನೆಯಲ್ಲಿ ಒಂದು ಕೋಣೆ ನನ್ನದಾಯಿತು. ಆಗ ಅವರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ, ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮಿಬ್ಬರಿಗೂ ಹೊಂದಿದ್ದು ಇದೊಂದು ವಿಷಯದಲ್ಲಿ.

ಉಳಿದಂತೆ ಅವರೊಡನೆ ಇರುವುದು ಕಷ್ಟವಿತ್ತು. ಅವರು ಕೂರುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಾ ಉಣ್ಣುತ್ತಿದ್ದರು. ಕೆಳಗಿನ ಮನೆಯ ಯಜಮಾನಿ ನನ್ನನ್ನು ಬಾವಿಯ ಹತ್ತಿರ ತಡೆದು, "ನಿಮ್ಮೋರು ಮೇಲ್ಗಡೆ ಗಾಣದೆತ್ತು ಸುತ್ತಿದಂಗೆ ಸುತ್ತಾರಲ್ರೀ, ಎಣ್ಣೆ ಏನಾದ್ರೂ ಬತ್ತದಾ?" ಎಂದು ಕೇಳಿದ್ದಳು. ಅದನ್ನು ಹೇಳಿದರೆ ಅವರು ನಕ್ಕು, ಇನ್ನೊಂದು ಸುತ್ತು ಹೋದರು.

ಬಸ್ಸಿಗೂ ನಿಂತು ಕಾಯುತ್ತಿರಲಿಲ್ಲ. ತರೀಕೆರೆ ಬಸ್ಸು ತಡವಾದರೆ ಬಸ್ಸು ಹೋಗುವ ದಾರಿ ಹಿಡಿದು ಮುಂದೆ ನಡೆಯುತ್ತಿದ್ದರು, ಹಿಂದಿನಿಂದ ಬಂದಾಗ ಕೈ ಅಡ್ಡ ಹಿಡಿದರಾಯಿತೆಂದು. ಒಮ್ಮೆ ಬಸ್ಸು ನಿಲ್ಲಲೇ ಇಲ್ಲ. ಬೀರೂರಿನವರೆಗೆ ಬಿಸಿಲಲ್ಲಿ ನಡೆದೆವು. "ನಿಂತಿದ್ರೂ ಸೀಟು ಸಿಗ್ತಿರಲಿಲ್ಲ" ಎಂದರು. ಅವರಿಗೆ ಸೀಟು ಯಾಕೆ ಬೇಕಿತ್ತೆಂದು ನನಗೆ ತಿಳಿಯಲಿಲ್ಲ.

ಅವರು ಎಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದ ಜಾಗ ಒಂದೇ. ಅಜ್ಜಂಪುರದ ಕಡೆ, ಅವರ ಊರಿನ ಆಚೆ, ತಂದೆ ಸಾಯುವ ಮುಂಚೆ ಅವರ ಹೆಸರಿಗೆ ಖಾತೆ ಮಾಡಿಸಿದ್ದ ಒಂದು ಎರೆ ಹೊಲ. ಬದುವಿನ ಮೇಲೆ ನಿಂತು ಕರಿಯ ನೆಲವನ್ನು ನೋಡುತ್ತಿದ್ದರು. "ಹದಿನಾರನೇ ವಯಸ್ಸಿಂದ ಹಾಸ್ಟೆಲು, ಬಾಡಿಗೆ ಕೋಣೆ. ಯಾರಾದ್ರೂ ಬಂದು ಏಳಮ್ಮ ಅಂದ್ರೆ ಏಳಬೇಕು. ಇಲ್ಲಿ ಯಾರೂ ಹಾಗನ್ನೋಹಾಗಿಲ್ಲ" ಎಂದು ಒಮ್ಮೆ ಹೇಳಿದರು. ಅವರ ಬಾಯಿಂದ ಸ್ವಂತದ ವಿಷಯ ನಾನು ಕೇಳಿದ್ದು ಅಷ್ಟೇ.

ಆದರೆ ಹಾಗನ್ನುವವರು ಇದ್ದರು. ಪಕ್ಕದ ಹೊಲದ ಅವರ ಸ್ವಂತ ಅಣ್ಣ. ತಂದೆ ಹೋದಮೇಲೆ ಎರಡೂ ಹೊಲವನ್ನು ಆ ಅಣ್ಣನೇ ಬಿತ್ತುತ್ತಿದ್ದರು. ನಾನು ಅವರೊಡನಿದ್ದ ಒಂದು ಬೇಸಿಗೆಯಲ್ಲಿ ತಂಗಿ, ಇನ್ನು ಮುಂದೆ ನನ್ನದನ್ನು ನಾನೇ ಮಾಡುತ್ತೇನೆ ಎಂದಾಗ ಊರಿನ ಹಿರಿಯರು ಮಠದ ಜಗಲಿಯ ಮೇಲೆ ಸೇರಿದರು. ನಾನೂ ಹೋಗಿದ್ದೆ, ಕಂಬದ ಪಕ್ಕ ಕೂತಿದ್ದೆ. ಅವರು ನಿಂತಿದ್ದರು.

"ಹೊಲ ನಂದು ಅಂತ ನಾನೆಲ್ಲಂದೆ?" ಎಂದರು ಅಣ್ಣ. ದೊಡ್ಡ ದನಿಯವರಲ್ಲ, ವಿಭೂತಿ ಮಾಸದ ಹಣೆಯ, ಮಾತಿಗೆ ಮುಂಚೆ ಹೆಗಲ ಟವಲ್ಲು ಸರಿಪಡಿಸಿಕೊಳ್ಳುವ ಮನುಷ್ಯ. "ಕಡೂರಾಗೆ ಪಾಠ ಮಾಡ್ತಾ ಇಲ್ಲಿ ಬೇಸಾಯ ಮಾಡ್ತೀನಿ ಅಂತೀಯ. ಹೊಲ ಬೀಳು ಬಿದ್ರೆ ಊರು ಯಾರನ್ನ ನೋಡಿ ನಗ್ತದೆ? ನನ್ನನ್ನ ಕಣಮ್ಮಿ."

ಹಿರಿಯರೊಬ್ಬರು ತೀರ್ಮಾನ ಹೇಳಿದರು. "ಬರೋ ಹಿಂಗಾರಿಗೆ ಹದ ಇರೋವಾಗ ನೀನೇ ಬಿತ್ತಿ ತೋರ್ಸವ್ವ. ಬಿತ್ತಿದ್ರೆ ನಿಂದೇ, ಯಾರೂ ತಂಟೆಗೆ ಬರಲ್ಲ. ಬೀಳು ಬಿತ್ತು ಅಂದ್ರೆ ಅಣ್ಣಂಗೆ ಬಿಟ್ಕೊಡು."

"ಆಗಲಿ" ಎಂದು ಅವರು ಮೆಟ್ಟಿಲಿಳಿದರು. ಹಿರಿಯರು ಇನ್ನೂ ಎಲೆ ಅಡಿಕೆಗೆ ಕೈ ಹಾಕಿರಲಿಲ್ಲ.

ಆ ಊರಿನಲ್ಲಿ ಎತ್ತು, ಆಳು ಇಲ್ಲದವರಿಗೂ ಬಿತ್ತನೆ ನಿಲ್ಲುವುದಿಲ್ಲ. ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನೀವು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬಂದು ಆ ಮುಯ್ಯಿ ತೀರಿಸಬೇಕು. ಇವರು ಮನೆ ಮನೆಗೆ ಹೋಗಿ ಕೇಳಿದರು. ಕಾಫಿ ಕೊಟ್ಟರು, ಎತ್ತು ಕೊಡಲಿಲ್ಲ. ನಾಳೆ ಅಣ್ಣನ ಮುಖ ನೋಡಬೇಕಿತ್ತು ಎಲ್ಲರಿಗೂ. ಒಬ್ಬರು ಮಾತ್ರ ಬಾಯಿಬಿಟ್ಟು ಹೇಳಿದರು: "ಕೊಡಾನ. ನೀವು ಮುಯ್ಯಿ ಹೆಂಗೆ ತೀರಿಸ್ತೀರಿ ಮೇಷ್ಟ್ರಮ್ಮ? ನಮ್ಮ ಹೊಲಕ್ಕೆ ಬಂದು ಎತ್ತುಗಳಿಗೆ ಪಾಠ ಮಾಡ್ತೀರಾ?"

ಆ ಮಾತು ಅವರಿಗೆ ನಾಟಿತು. ರೈಲಿನಲ್ಲಿ ಕಡೂರಿಗೆ ಮರಳುವಾಗ ಬಾಗಿಲ ಬಳಿ ನಿಂತು ಅದನ್ನೇ ಮೆಲ್ಲಗೆ ಮತ್ತೆ ಮತ್ತೆ ಹೇಳಿಕೊಂಡರು. ನಾನು ಟ್ರ್ಯಾಕ್ಟರ್ ಎಂದೆ. ಹಿಂಗಾರು ಮಳೆ ಕುಡಿದ ಎರೆ ಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತು ಹೋಗುತ್ತದೆ ಎಂದರು. ಬೀರೂರು ದಾಟುವಷ್ಟರಲ್ಲಿ, "ಭಾರ ಕಡಿಮೆ ಇರಬೇಕು. ಟೈರು ದಪ್ಪ ಇರಬೇಕು. ಗಾಳಿ ಅರ್ಧ ಸಾಕು" ಎಂದರು. ಮರಳಿನ ಮೇಲೂ ಕೆಸರಿನ ಮೇಲೂ ಓಡುವ, ಬಲೂನಿನಂಥ ಟೈರಿನ ಸಣ್ಣ ಗಾಡಿಯೊಂದರ ಚಿತ್ರವನ್ನು ಲೈಬ್ರರಿಯ ವಿದೇಶಿ ಪತ್ರಿಕೆಯಲ್ಲಿ ನೋಡಿದ್ದರಂತೆ. ಅದನ್ನು ಕಟ್ಟುವುದೆಂದು ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಮುಂದಿನ ಶನಿವಾರದಿಂದ ಅಜ್ಜಂಪುರದ ರೈಲಿಗೆ ಎರಡು ಟಿಕೆಟ್ಟು ತೆಗೆಯುತ್ತಿದ್ದರು.

ಕಡೂರಿನ ಗುಜರಿಯಲ್ಲಿ ಹಳೆಯ ಮಿಲಿಟರಿ ಮೋಟಾರ್ ಸೈಕಲ್ಲಿನ ಎಂಜಿನ್ ಸಿಕ್ಕಿತು. ಅಜ್ಜಂಪುರದಲ್ಲಿ ಟ್ರಾಲಿ ಮಾಡುವವರು ಕೊಳವೆಗಳನ್ನು ಬೆಸೆದು ಚೌಕಟ್ಟು ಕಟ್ಟಿಕೊಟ್ಟರು. ಈರುಳ್ಳಿ ತುಂಬುತ್ತಿದ್ದ ಖಾಲಿ ಶೆಡ್ಡೊಂದರಲ್ಲಿ ಎಲ್ಲವನ್ನೂ ಜೋಡಿಸುತ್ತಾ ಹೋದೆವು. ನೋಡಲು ಬಂದವರು ಅದನ್ನು ಕಪ್ಪೆ ಎಂದು ಕರೆದರು. ಅಷ್ಟೆಲ್ಲ ಆದಮೇಲೆ ಅವರ ನಿದ್ದೆ ಕೆಡಿಸಿದ್ದು ಹಿಂದಿನ ಗಾಲಿಗಳ ಅಚ್ಚು. ಅಚ್ಚು ತಿರುಗಬೇಕು, ಅಲುಗಬಾರದು. ಅದನ್ನು ಹಿಡಿಯುವುದು ಎರಡು ಬದಿಯ ಬೇರಿಂಗುಗಳು, ಬೇರಿಂಗುಗಳನ್ನು ಹಿಡಿಯುವುದು ಉಕ್ಕಿನ ಎರಡು ಗೂಡುಗಳು. ಕಾಳು ಬಿತ್ತುವ ಕೂರಿಗೆ ಎಳೆಯುವ ಭಾರವೆಲ್ಲ ಆ ಗೂಡುಗಳ ಮೇಲೆ ಬೀಳುತ್ತದೆ. ಗೂಡು ಸರಿಯಿಲ್ಲದಿದ್ದರೆ ಹೊಲದ ನಡುವೆ ಕಪ್ಪೆ ಕೂತುಬಿಡುತ್ತದೆ.

ಮೊದಲು ಹಿಟ್ಟಿನ ಗಿರಣಿಯ ಶಾಫ್ಟಿಗೆ ಹಾಕುವ ಬೀಡು ಕಬ್ಬಿಣದ ಗೂಡು ತಂದರು. ಎಲ್ಲ ಊರಿನಲ್ಲೂ ಸಿಗುತ್ತದೆ, ಬೋಲ್ಟು ಬಿಗಿದರಾಯಿತು. ಅದನ್ನು ಮಹಡಿಯ ಮೆಟ್ಟಿಲಿನ ತುದಿಗೆ ಒಯ್ದು, ಕೆಳಗೆ ಯಾರೂ ಇಲ್ಲವೆಂದು ನೋಡಿ, ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಬಿಟ್ಟರು. ಬೋಲ್ಟು ಬಿಗಿಯುವ ಒಂದು ಕಿವಿ ಸೀಳಿತು. ಚಪ್ಪಡಿಯೂ ಸೀಳಿತು. ಯಜಮಾನಿ ಹೊರಗೆ ಬಂದು ಎರಡನ್ನೂ ನೋಡಿ, "ಏನಾಯ್ತು ಮೇಡಮ್ಮೋರೆ?" ಎಂದಳು. "ಗೊತ್ತಾಯ್ತು, ಬಿಡಿ" ಎಂದು ಒಳಗೆ ಬಂದರು.

ಆಮೇಲೆ ಹಳೆಯ ಜೀಪಿನದು. ಅದು ಒಡೆಯುವ ವಸ್ತುವಲ್ಲ. ಇಬ್ಬರು ಸೇರಿ ಎತ್ತಬೇಕಾಯಿತು. "ಇದನ್ನ ಹಾಕಿದ್ರೆ ಹೊಲ ಉಳೋದೇ ಬೇಡ, ಭೂಮಿ ತಾನೇ ಬಾಯಿ ಬಿಡತ್ತೆ" ಎಂದು ಹಿಂತಿರುಗಿಸಿದರು.

ಉಳಿದದ್ದು ಲೇತಿನಲ್ಲಿ ಕಡೆಸುವುದು. ಅದರಲ್ಲೂ ಅವರಿಗೆ ನೇರವಾದದ್ದು ಸಾಲಲಿಲ್ಲ. ಎಂಜಿನ್ನಿನಿಂದ ಅಚ್ಚಿಗೆ ಬರುವ ಚೈನು ಭಾರ ಎಳೆದು ಸಡಿಲಾಗುತ್ತದೆ. ಹೊಲದ ನಡುವೆ ಅದನ್ನು ಬಿಗಿ ಮಾಡುವುದು ಹೇಗೆ? ಒಂದು ಬೆಳಿಗ್ಗೆ ನನ್ನ ತಟ್ಟೆಯನ್ನು ಎಳೆದುಕೊಂಡು, ಅದರೊಳಗೆ ಒಂದು ಪಕ್ಕಕ್ಕೆ ಲೋಟ ಇಟ್ಟು, ತಟ್ಟೆಯನ್ನು ಇದ್ದಲ್ಲೇ ತಿರುಗಿಸಿದರು. ತಟ್ಟೆ ಕದಲಲಿಲ್ಲ, ಲೋಟ ಮಾತ್ರ ಹಿಂದಕ್ಕೆ ಹೋಯಿತು. "ತಟ್ಟೆ ಗೂಡು, ಲೋಟ ಅಚ್ಚು. ತೂತನ್ನ ನಡುವೆ ಕೊರೀಬಾರದು. ಪಕ್ಕಕ್ಕೆ ಕೊರೆದ್ರೆ ಗೂಡು ತಿರುಗಿಸಿದಷ್ಟೂ ಅಚ್ಚು ಹಿಂದೆ ಹೋಗತ್ತೆ, ಚೈನು ಬಿಗಿಯಾಗತ್ತೆ." ನನ್ನ ಉಪ್ಪಿಟ್ಟು ಆರಿತ್ತು. ಲೆಕ್ಕ ಸರಿಯಿತ್ತು.

ನಕ್ಷೆ ಬರೆದು ತರೀಕೆರೆಗೆ ಹೋದೆವು. ಬಸ್ ನಿಲ್ದಾಣದ ಹಿಂದೆ ಲೇತ್ ಇಟ್ಟಿದ್ದ ಆಚಾರ್ರು ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಇವರ ಮುಖ ನೋಡಿದರು. "ಆಗ್ಲಿ ಮೇಡಮ್ಮೋರೆ" ಎಂದರು. ಬಹಳ ಮರ್ಯಾದಸ್ಥ ಮನುಷ್ಯ.

ಮಳೆ ನಿಂತು, ಬಿಸಿಲು ಬಿದ್ದು, ಹೊಲ ಹದಕ್ಕೆ ಬಂತೆಂಬ ಸುದ್ದಿ ಬಂದಾಗ ದಸರಾ ರಜೆ ಶುರುವಾಗಿತ್ತು. ಎರೆ ನೆಲದ ಹದ ತೀರಾ ಸಣ್ಣ ಅವಧಿಯದು. ಮೊದಲು ಕೆಸರು, ಆಮೇಲೆ ಕಲ್ಲು, ನಡುವೆ ಸ್ವಲ್ಪ ಹೊತ್ತು ಮಣ್ಣು. ಗೂಡುಗಳನ್ನು ತಂದು ಶೆಡ್ಡಿನಲ್ಲಿ ಜೋಡಿಸಿದೆವು. ಇವರು ಪಾನಾ ಹಾಕಿ ಗೂಡು ತಿರುಗಿಸಿದರು. ಚೈನು ಬಿಗಿಯಾಗಲಿಲ್ಲ. ಮತ್ತೆ ತಿರುಗಿಸಿದರು. ಆಮೇಲೆ ಬಗ್ಗಿ ನೋಡಿದರು. ತೂತು ಸರಿಯಾಗಿ ನಡುವಿನಲ್ಲಿತ್ತು. ಅಷ್ಟು ಚೊಕ್ಕವಾದ ಕೆಲಸವನ್ನು ನಾನು ನೋಡಿರಲಿಲ್ಲ.

ಗೂಡುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ತರೀಕೆರೆಯಲ್ಲಿದ್ದೆವು. ಆಚಾರ್ರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಾಚಿದರು.

"ನೀವು ಕಾಗದದಾಗೆ ತೂತ ಪಕ್ಕಕ್ಕೆ ಬರ್ದಿದ್ರಿ. ಅವಸರದಾಗೆ ಕೈ ಜಾರಿರ್ತದೆ ಅಂದ್ಕಂಡೆ. ಕಾಲೇಜ್ನೋರು, ಯಾರಾದ್ರೂ ನೋಡಿ ಆಡ್ಕಂಡಾರು ಅಂತ ನಾನೇ ನಡುವಿಗೆ ತಂದೆ."

"ನನ್ನ ಮಾನ ಉಳಿಸಿದ್ರಿ" ಎಂದರು ಇವರು.

"ಅಷ್ಟೇ ಕಣ್ರೀ ಮಾಡಿದ್ದು."

"ಈಗ ಹೊಲ ಹೋಗತ್ತೆ."

ಆಚಾರ್ರು ಕಣ್ಣು ಕೆಳಗೆ ಹಾಕಿದರು. ಅಂಥ ಉಕ್ಕು ಅವರಲ್ಲಿ ಇನ್ನೊಂದು ತುಂಡಿರಲಿಲ್ಲ. ತರಿಸಲು ಶಿವಮೊಗ್ಗಕ್ಕೆ ಹೇಳಿಕಳುಹಿಸಬೇಕು. ಇವರು ಅಂಗಡಿಯ ಮುಂದೆ ಹೋಗಿ ಬರುತ್ತಾ ಹೋಗಿ ಬರುತ್ತಾ ಇದ್ದರು. ಬಸ್ಸಿಗೆ ನಿಂತಿದ್ದ ಜನ ಇವರನ್ನೇ ನೋಡುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಒಮ್ಮೆಲೇ ಬಾಗಿಲಲ್ಲಿ ನಿಂತು ಕೇಳಿದರು: "ತೂತನ್ನ ಸರಿಸಕ್ಕಾಗಲ್ಲ. ಸುತ್ತಲಿರೋ ಉಕ್ಕನ್ನ ಸರಿಸಬಹುದಲ್ಲ?"

"ಅಂದ್ರೆ?"

"ಹೊರಮೈನ ಒಂದು ಕಡೆ ಜಾಸ್ತಿ ಹೆರೀರಿ, ಇನ್ನೊಂದು ಕಡೆ ಕಮ್ಮಿ. ತೂತು ತಾನೇ ಪಕ್ಕಕ್ಕೆ ಬರತ್ತೆ. ಗೂಡು ತೆಳ್ಳಗಾಗಿ ಸುತ್ತ ಸಂದಿ ಬೀಳತ್ತೆ, ಅಲ್ಲಿಗೆ ಒಂದು ಕೊಳವೆ ತುಂಡು ಬಳೆಯ ಹಾಗೆ ಹಾಕೋಣ."

ಆಚಾರ್ರು ಗೂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಲೇತಿನ ದವಡೆಗೆ ನಡು ತಪ್ಪಿಸಿ ಕಚ್ಚಿಸಿದರು. ಯಂತ್ರ ಒಂದೊಂದು ಸುತ್ತಿಗೂ ಡಗ್ ಎಂದು ಕುಂಟತೊಡಗಿತು. ಪಕ್ಕದ ಅಂಗಡಿಯವರು ಇಣುಕಿ, "ಏನ್ ಆಚಾರ್ರೆ, ಲೇತು ಕೆಟ್ಟೋಯ್ತಾ?" ಎಂದರು.

"ನನ್ನ ಹೆಸ್ರು ಕೆಟ್ಟೋಯ್ತು" ಎಂದರು ಆಚಾರ್ರು. "ಮೇಡಮ್ಮೋರೆ, ಇದನ್ನ ಯಾರು ಮಾಡಿದ್ದು ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡಿ."

ಇವರು ಅಂದಿನಿಂದ ಎಲ್ಲರಿಗೂ ಹೇಳಿದ್ದಾರೆ.

ಮರುದಿನ ಬೆಳಗ್ಗೆ ಕಪ್ಪೆ ಹೊಲಕ್ಕಿಳಿಯಿತು. ಹಿಂದೆ ಎರಡು ಸಾಲಿನ ಸಣ್ಣ ಕೂರಿಗೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು ಅಲ್ಲಿ ಹೆಂಗಸರ ಕೆಲಸ. ಎತ್ತು ಹೊಡೆಯುವುದು ಗಂಡಸರದು. ಇವರು ಗಾಡಿ ಹತ್ತಿ ಕೂತರು. ಅವರು ಹಾಗೆ ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಳು ಬಿಡಲು ನಾನು ಉಳಿದೆ. ಉಡಿಯಲ್ಲಿ ಕಡಲೆ ಕಟ್ಟಿಕೊಂಡು, ಬಟ್ಟಲಿನ ಪಕ್ಕ ಓಡುತ್ತಾ, ಮುಷ್ಟಿಯಿಂದ ಒಂದೇ ಸಮನೆ ಕಾಳು ಜಾರಿಸಬೇಕು. ನನ್ನದು ಒಮ್ಮೆ ಹಿಡಿಯಷ್ಟು ಬೀಳುತ್ತಿತ್ತು, ಒಮ್ಮೆ ಏನೂ ಇಲ್ಲ.

ಅಣ್ಣ ಪಕ್ಕದ ಹೊಲದಲ್ಲಿ ಎತ್ತು ಹೂಡಿಕೊಂಡಿದ್ದರು. ಈ ಕಡೆ ತಿರುಗಿ ನೋಡಲಿಲ್ಲ. ಆದರೆ ಅವರ ಹೆಂಡತಿ, ಬುತ್ತಿ ಇಳಿಸಿ ಗಂಡನ ಕೂರಿಗೆಗೆ ಕಾಳು ಬಿಡಲು ಬಂದವರು, ಬದುವಿನ ಮೇಲೆ ನಿಂತುಬಿಟ್ಟರು. ಮೂರ್ನಾಲ್ಕು ಸಾಲು ನೋಡಿದರು. ಆಮೇಲೆ ಅವರಿಂದ ತಡೆಯಲಾಗಲಿಲ್ಲ.

"ಏನ್ರೀ ಅದು, ಕೋಳಿಗೆ ಚೆಲ್ದಂಗೆ ಚೆಲ್ತೀರಿ? ಇಲ್ಲಿ ಗುಂಪು, ಅಲ್ಲಿ ಬೋಳು. ಹುಟ್ಟಿದ ಮೇಲೆ ನೋಡಕ್ಕಾಗ್ತದಾ? ತಗೀರಿ ಈ ಕಡೆ."

ನನ್ನ ಉಡಿಯಿಂದ ಕಡಲೆಯನ್ನು ಬಳಿದು ತಮ್ಮ ಉಡಿಗೆ ಹಾಕಿಕೊಂಡರು. "ಅಮ್ಮಣ್ಣಿ, ಒಸಿ ನಿಧಾನ ಬಿಡು" ಎಂದು ನಾದಿನಿಗೆ ಹೇಳಿದರು. ಗಾಡಿ ನಿಧಾನವಾಯಿತು. ಅವರ ಮುಷ್ಟಿಯಿಂದ ಕಾಳು ನೂಲಿನಂತೆ ಇಳಿಯಿತು.

ಬದುವಿನ ಆಚೆಯಿಂದ ಅಣ್ಣ ಕೂಗಿದರು. "ಲೇ, ಇಲ್ಲಿ ಎತ್ತು ನಿಂತವೆ. ಬತ್ತೀಯೋ ಇಲ್ವೋ?"

"ಈ ಸಾಲು ಮುಗೀಲಿ ತಡ್ಕಳ್ರೀ."

ಆ ಸಾಲು ಮುಗಿದು ಇನ್ನೊಂದು ಶುರುವಾಯಿತು. ಅವರು ಹೋಗಲಿಲ್ಲ. ಮನೆಯ ಬೇರೆ ಹೆಂಗಸರು ಯಾರಾದರೂ ಬಂದು ಅಣ್ಣನಿಗೆ ಕಾಳು ಬಿಡಬಹುದಿತ್ತು, ಯಾರೂ ಬರಲಿಲ್ಲ. ಎತ್ತುಗಳು ನೊಗ ಹೊತ್ತು ಮೆಲುಕು ಹಾಕುತ್ತಾ ನಿಂತವು. ನಡುವೆ ಚೈನು ಸಡಿಲವಾಗಿ ಬಡಿಯತೊಡಗಿದಾಗ ಇವರು ಇಳಿದರು, ಬೋಲ್ಟು ಸಡಿಲಿಸಿ ಎರಡೂ ಗೂಡನ್ನು ಒಂದಿಷ್ಟು ತಿರುಗಿಸಿದರು, ಚೈನನ್ನು ಬೆರಳಿನಿಂದ ಒತ್ತಿ ನೋಡಿ ಮತ್ತೆ ಹತ್ತಿದರು. ಆಚಾರ್ರ ಗೂಡು ಹಿಡಿದುಕೊಂಡಿತು. ಹೊತ್ತು ಇಳಿಯುವ ವೇಳೆಗೆ ಕೊನೆಯ ಸಾಲು ಬದು ಮುಟ್ಟಿತು.

ಅಣ್ಣ ಹೊಲದ ಉದ್ದಕ್ಕೂ ನಡೆದು ಬಂದು ಒಂದು ಕಡೆ ಮಣ್ಣು ಕೆದಕಿ ಕಾಳು ನೋಡಿದರು. ಟವಲ್ಲು ಸರಿಪಡಿಸಿಕೊಂಡರು.

"ಬಿತ್ತಿದ್ದೀಯ. ಇನ್ನ ಯಾರೂ ಮಾತಾಡಂಗಿಲ್ಲ. ಆದ್ರೆ ನನ್ನ ಅರ್ಧ ದಿನ ತಿಂದೆ ಕಣಮ್ಮಿ. ಅರ್ಧ ಹೊಲ ಹಂಗೇ ಐತೆ, ಹದ ಹೋಯ್ತಾ ಐತೆ."

ಅವರು ಎಂಜಿನ್ ಆರಿಸಿ ಇಳಿದರು. ಗಾಡಿಯನ್ನು ಬದುವಿನ ಪಕ್ಕ ನಿಲ್ಲಿಸಿ, ನಾವಿಬ್ಬರೂ ಅಜ್ಜಂಪುರಕ್ಕೆ ನಡೆದೆವು. ರಾತ್ರಿ ಶೆಡ್ಡಿನಲ್ಲಿ ಕಳೆದು, ಬೆಳಗಿನ ರೈಲಿಗೆ ಕಡೂರಿಗೆ ಹೊರಡುವುದೆಂದು ಮಾತಾಗಿತ್ತು. ನನಗೆ ಕಾಲು ನೋಯುತ್ತಿತ್ತು. ಅವರು ಎಂದಿನಂತೆ ನನಗಿಂತ ಹತ್ತು ಹೆಜ್ಜೆ ಮುಂದೆ ಇದ್ದರು. ತಲೆ ತಗ್ಗಿಸಿ ನಡೆಯುತ್ತಿದ್ದರು. ಗೆದ್ದವರ ನಡಿಗೆಯ ಹಾಗೆ ಅದು ನನಗೆ ಕಾಣಲಿಲ್ಲ.

ಬೆಳಿಗ್ಗೆ ಸ್ಟೇಷನ್ನಿನ ತಿರುವಿನಲ್ಲಿ ಅವರು ಚೀಲವನ್ನು ನನ್ನ ಕೈಗೆ ಕೊಟ್ಟರು. "ನೀನು ಹೋಗು. ನನಗೆ ಒಂದು ಮುಯ್ಯಿ ಇದೆ."

ನಾನು ಹೋಗಲಿಲ್ಲ. ಹಿಂದೆಯೇ ನಡೆದೆ.

ನಾವು ಹೊಲ ಸೇರಿದಾಗ ಅಣ್ಣ ನೊಗ ಕಟ್ಟುತ್ತಿದ್ದರು. ಅವರ ಹೆಂಡತಿ ಉಡಿಯಲ್ಲಿ ಕಡಲೆ ತುಂಬಿಕೊಂಡು ನಿಂತಿದ್ದರು. ಇವರು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಬೋಲ್ಟು ಸಡಿಲಿಸಿ, ಗೂಡು ತಿರುಗಿಸಿ, ಚೈನು ಬಿಗಿ ಮಾಡಿದರು. ಎಂಜಿನ್ ಒದ್ದು ಎಬ್ಬಿಸಿ, ಬದು ದಾಟಿ ಅಣ್ಣನ ಹೊಲಕ್ಕೆ ಬಂದು ನಿಲ್ಲಿಸಿದರು.

"ಇದೇನು?" ಎಂದರು ಅಣ್ಣ.

"ನಿನ್ನೆ ಅತ್ಗೆ ನನ್ನ ಹೊಲಕ್ಕೆ ಬಂದಿದ್ರು. ಇವತ್ತು ನಾನು ನಿಮ್ಮ ಹೊಲಕ್ಕೆ ಬಂದಿದೀನಿ."

"ನಾನು ಕೇಳ್ಲಿಲ್ಲವಲ್ಲ."

"ಮುಯ್ಯೀನ ಯಾರು ಕೇಳ್ತಾರೆ ಅಣ್ಣಯ್ಯ?"

ಅಣ್ಣ ಎತ್ತುಗಳನ್ನು ನೋಡಿದರು, ಗಾಡಿಯನ್ನು ನೋಡಿದರು, ಒಣಗಿ ಬಿಳುಪೇರುತ್ತಿದ್ದ ನೆಲವನ್ನು ನೋಡಿದರು. ಆಮೇಲೆ ಎತ್ತುಗಳ ಮೂಗುದಾರ ಹಿಡಿದು ಪಡುವಣ ಬದುವಿನ ಕಡೆಗೆ ಸರಿಸಿಕೊಂಡರು.

"ಎಲ್ಲಿಂದ ಹಿಡೀತೀಯ?"

"ಮೂಡಲಿಂದ" ಎಂದರು ಅವರು, ಮತ್ತು ಹಿಡಿದರು.